ನಮ್ಮ ಗಾಣದ ಎಣ್ಣೆ, ನನ್ನ ರಕ್ತ

ದೀಪಾವಳಿಯ ಮುಂಜಾನೆ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಎಡ ಎದೆಯ ಮೇಲೆ ಕೈ ಜಾರುವಾಗ ಏನೋ ತಡೆಯಿತು. ಶೇಂಗಾ ಕಾಳಿನಷ್ಟು. ಒತ್ತಿದರೆ ನೋವಿಲ್ಲ. ನೋವಿಲ್ಲ ಅಂತಲೇ ಸುಮ್ಮನಾದೆ. ಸಂಕ್ರಾಂತಿಯ ಹೊತ್ತಿಗೆ ಅಡಿಕೆಯಷ್ಟಾಗಿತ್ತು. ಗಂಡನಿಗೆ ಹೇಳಲು ನಾಚಿಕೆ. ಹದಿನಾರು ವರ್ಷ ಸಂಸಾರ ಮಾಡಿದವಳಿಗೆ ಅದೆಂಥ ನಾಚಿಕೆಯೋ! ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊನೆಗೆ ಗಂಡನಿಗೆ ಹೇಳಲೇಬೇಕಾಯಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದರು. ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಇವರೊಬ್ಬರಿಗೇ ಹೇಳಿದರು. ಇವರು ಹೊರಗೆ ಬಂದು ನನ್ನ ಮುಖ ನೋಡಲಿಲ್ಲ.

ಕ್ಯಾನ್ಸರ್.

ಆಪರೇಷನ್ನಿನ ಹಿಂದಿನ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯಲು ಒಬ್ಬ ಲೇಡಿ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಕೈಯಲ್ಲಿ ಒಂದು ಫಾರ್ಮು.

"ಮನ್ಯಾಗ ಅಡಗಿಗೆ ಯಾವ ಎಣ್ಣಿ ಬಳಸ್ತೀರಿ?"

ಇವರ ಮುಖ ಅರಳಿತು. "ಕುಸುಬಿ ಎಣ್ಣಿರಿ. ನಮ್ದ ಗಾಣ ಐತ್ರಿ ನಮ್ಮೂರು ಸಂಶ್ಯಾಗ, ಎತ್ತಿನ ಗಾಣ. ನಾವು ಹೊರಗಿನ ಎಣ್ಣಿ ಮುಟ್ಟಿದವರಲ್ಲ."

ಅವರು ಬರೆದುಕೊಂಡರು. ಯಾಕೆ ಕೇಳಿದಿರಿ ಅಂದೆ.

"ರಕ್ತದಾಗ ಫ್ಯಾಟಿ ಆಸಿಡ್ ಅಂತ ಇರ್ತಾವ್ರಿ. ನಾವು ತಿನ್ನೋ ಎಣ್ಣಿ, ತುಪ್ಪದಿಂದ ಬರ್ತಾವು. ಅವಕ್ಕೂ ಈ ಜಡ್ಡಿಗೂ ಸಂಬಂಧ ಐತೇನು ಅಂತ ನೋಡಾಕತ್ತೇವಿ. ಇನ್ನೂ ಯಾರಿಗೂ ಗೊತ್ತಿಲ್ಲ."

ಇವರು ಮೊದಲಿನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು, ಕೊನೆಯ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದರು.

ಎದೆ ತೆಗೆದರು. ಹೊಲಿಗೆ ಬಿಚ್ಚಿದ ಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು, ಚರ್ಮ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಸೀರೆ ಉಡಿಸುವುದು, ತಲೆ ಬಾಚುವುದು ಎಲ್ಲಾ ಹದಿನಾಲ್ಕು ವರ್ಷದ ಮಗಳು ನೀಲಾಳ ಪಾಲಿಗೆ ಬಂತು. ರವಿಕೆಯ ಒಂದು ಕಡೆ ಬಟ್ಟೆ ತುರುಕುವಾಗ ಅವಳು ಕಣ್ಣು ಬೇರೆಡೆಗೆ ಹೊರಳಿಸುತ್ತಿದ್ದಳು. ನಾನೂ.

ಊರಿಗೆ ಬಂದು ನೋಡಿದರೆ ಗಾಣ ನಿಂತಿತ್ತು. ಬಸವಣ್ಣನ ವಾರ ಅಂತ ಸೋಮವಾರ ಮಾತ್ರ ನಾವು ಎತ್ತು ಹೂಡುವುದಿಲ್ಲ. ಅವತ್ತು ಬುಧವಾರ. ಎತ್ತು ತಾನೇ ಗಾಣದ ಹತ್ತಿರ ಬಂದು ನಿಂತಿತ್ತು, ಇವರು ಅದನ್ನು ಹಿಂದಕ್ಕೆ ಅಟ್ಟಿದರು. ಎಣ್ಣೆಗೆ ಬಂದವರಿಗೆ "ಇಲ್ರಿ" ಅಂದರು. ಅಡಿಗೆಮನೆಯ ಎಣ್ಣೆಯ ಗಿಂಡಿಯನ್ನು ಅಟ್ಟದ ಮೇಲಿಟ್ಟರು.

"ನಮ್ಮ ಎಣ್ಣಿನ ನಿನ್ನ ಸುಟ್ಟಿತು," ಅಂದರು. "ನಾನ ತಿನಿಸೇನಿ."

"ಅವರು ಗೊತ್ತಿಲ್ಲ ಅಂದ್ರಲ್ರಿ?"

"ಗೊತ್ತಿಲ್ದ ರಕ್ತ ಯಾಕ ತಗೀತಾರ? ನೀಲಾಗೂ ಅದನ್ನ ತಿನಿಸೇವಿ."

ನನ್ನದಾಯಿತು, ಹೋಗಲಿ. ಮಗಳು?

ಮೂರು ತಿಂಗಳು ನಮ್ಮ ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ. ಬೇಯಿಸಿದ ಪಲ್ಲೆ, ಒಣ ರೊಟ್ಟಿ, ಒಣ ಚಟ್ನಿಪುಡಿ. ಮೊದಲೇ ಔಷಧಕ್ಕೆ ಬಾಯಿ ಕೆಟ್ಟಿತ್ತು, ತುತ್ತು ಗಂಟಲಿಗಿಳಿಯುತ್ತಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಗಾಣಿಗರ ಮನೆಯಲ್ಲಿ ಎಣ್ಣೆಯಿಲ್ಲದೆ ಸಾಯುವವಳು ನಾನೊಬ್ಬಳೇ ಇರಬೇಕು ಅಂತ ನೀಲಾಳಿಗೆ ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ನನ್ನ ದೇಹ ಡಾಕ್ಟರರ ಕೈಯಲ್ಲಿ, ನನ್ನ ತಾಟು ಗಂಡನ ಕೈಯಲ್ಲಿ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ರಕ್ತದ ರಿಪೋರ್ಟ್ ಬಂದರೆ ಎಲ್ಲಾ ತಿಳಿಯುತ್ತದೆ ಅಂತ ಮೂವರೂ ಕಾದೆವು.

ಚೆಕಪ್ಪಿಗೆ ಹೋದಾಗ ಅದೇ ಲೇಡಿ ಡಾಕ್ಟರು ಸಿಕ್ಕರು. ಇವರು ಕೈ ಮುಗಿದರು. "ರಿಪೋರ್ಟಿನ್ಯಾಗ ಏನ್ ಬಂತ್ರಿ? ನಮ್ಮ ಎಣ್ಣಿದ ತಪ್ಪೇನು?"

ಡಾಕ್ಟರು ಕೈಯಲ್ಲಿದ್ದ ಫೈಲು ಮುಚ್ಚಿದರು. "ಒಬ್ಬರ ರಕ್ತದಿಂದ ಏನೂ ಹೇಳಾಕ ಬರೂದಿಲ್ರಿ. ಭಾಳ ಮಂದೀದು ಕೂಡಿಸಿ ನೋಡಬೇಕು, ವರ್ಷಗಟ್ಟಲೆ ಆಗ್ತದ. ಹೌದು ಅನ್ನಾಕೂ ಆಗೂದಿಲ್ಲ, ಅಲ್ಲ ಅನ್ನಾಕೂ ಆಗೂದಿಲ್ಲ." ಆಮೇಲೆ ನನ್ನ ಮಣಿಕಟ್ಟು ಹಿಡಿದು, "ಎಷ್ಟ್ ಸೊರಗೀರಿ! ಯಾರು ಎಣ್ಣಿ ಬಿಡ್ರಿ ಅಂದ್ರು? ಮದ್ಲಿನಂಗ ಉಣ್ರಿ," ಅಂದರು.

ಊರಿನ ಬಸ್ಸು ಹತ್ತಿದೆವು. ತಪ್ಪು ಇವರದೇ ಅಂತ ಡಾಕ್ಟರು ಅಂದಿದ್ದರೂ ಇವರಿಗೆ ಸಮಾಧಾನ ಆಗುತ್ತಿತ್ತೇನೋ.

ಅವತ್ತು ನೀಲಾ ರೊಟ್ಟಿ ಬಡಿದಳು. ನಾನು ತಾಟಿನಲ್ಲಿ ಚಟ್ನಿಪುಡಿ ಹಾಕಿಕೊಂಡು, ಮೊದಲಿನಂತೆ ಬೆರಳಿನಿಂದ ನಡುವೆ ಎಣ್ಣೆಗೆಂದು ಗುಂಡಿಯಂತೆ ಕುಣಿ ಮಾಡಿ, ಇವರ ಕಡೆ ಸರಿಸಿದೆ. ಇವರು ಅಟ್ಟದಿಂದ ಗಿಂಡಿ ಇಳಿಸಿದರು. ಧೂಳು ಒರೆಸಿ ನನ್ನ ಕುಣಿಗೆ ಎಣ್ಣೆ ಹಾಕಿದರು. ಸ್ವಲ್ಪ ಕಮಟು ವಾಸನೆ ಹೊಡೆಯುತ್ತಿತ್ತು. ಆದರೂ ಆ ಮೊದಲ ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು.

ನೀಲಾಳೂ ಕುಣಿ ಮಾಡಿ ತಾಟು ಮುಂದೆ ಹಿಡಿದಳು. "ಅಪ್ಪಾ, ನನಗೂ."

ಇವರ ಕೈ ನಿಂತಿತು. ನನ್ನನ್ನು ನೋಡಿದರು. ನಾನು ಏನು ಹೇಳಲಿ? ಡಾಕ್ಟರಿಗೇ ಗೊತ್ತಿಲ್ಲದ್ದು.

ಗಿಂಡಿಯನ್ನು ಇವರ ಕೈಯಿಂದ ತೆಗೆದುಕೊಂಡು ಮಗಳ ತಾಟಿಗೆ ನಾನೇ ಎಣ್ಣೆ ಹಾಕಿದೆ. ಅವಳು ತಿನ್ನುವುದನ್ನು ಇಬ್ಬರೂ ನೋಡುತ್ತಾ ಕುಳಿತೆವು.