ಗುಬ್ಬಿಯ ಹಳೆಯ ಪಾಸ್‌ವರ್ಡ್

ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಗಿಡ್ಡ, ಕೈ ಚುರುಕು, ಬಾಯಿಗೆ ಬಿಡುವಿಲ್ಲ. "ಹೊಟ್ಟೆಗೇನೂ ಹಾಕಿಲ್ಲ ತಾನೆ? ಹಾಕಿದ್ರೆ ಈಗ್ಲೇ ಹೇಳ್ಬಿಡಿ, ಆಮೇಲೆ ನಿಮ್ಮ ರಕ್ತವೇ ನನ್ನ ಹತ್ರ ಚಾಡಿ ಹೇಳುತ್ತೆ" ಎಂದು ನಗಿಸಿ, ಕೂತವರು ನಗು ಮುಗಿಸುವಷ್ಟರಲ್ಲಿ ಸೂಜಿ ಹಾಕಿ ತೆಗೆದುಬಿಡುತ್ತಿದ್ದಳು. ಮಕ್ಕಳು ಕೂಡ ಅವಳ ಹತ್ತಿರ ಅಳುತ್ತಿದ್ದುದು ಕಡಿಮೆ. ಒಳ್ಳೆಯ ಹೆಂಗಸು ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ತನ್ನ ಬಗ್ಗೆ ಹಾಗೆಯೇ ತಿಳಿದುಕೊಂಡಿದ್ದಳು.

ಲ್ಯಾಬು ಇದ್ದದ್ದು ದೊಡ್ಡ ಆಸ್ಪತ್ರೆಯೊಂದರ ಎದುರು ಸಾಲಿನಲ್ಲಿ, ಔಷಧದಂಗಡಿಯ ಪಕ್ಕ. ಮುಂದೆ ಕೌಂಟರು ಮತ್ತು ಬೆಂಚು, ನಡುವೆ ಪರದೆ ಎಳೆದ ರಕ್ತ ತೆಗೆಯುವ ಜಾಗ, ಹಿಂದೆ ಯಂತ್ರಗಳು ಸದಾ ಗುಂಯ್‌ಗುಡುವ ಕೋಣೆ. ಕಿಟಕಿ ಎಂಬುದಿದ್ದದ್ದು ಹಿಂದಿನ ಕೋಣೆಗೆ ಮಾತ್ರ. ಒಡತಿ ಡಾಕ್ಟರಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಹೋಗುತ್ತಿದ್ದರು. ಉಳಿದ ಹೊತ್ತು ಲ್ಯಾಬು ಇಬ್ಬರು ಹೆಂಗಸರ ಕೈಯಲ್ಲಿ: ಒಬ್ಬಳು ಗುಬ್ಬಿ, ಇನ್ನೊಬ್ಬಳು ಅವಳಿಗಿಂತ ಸಾಕಷ್ಟು ಹಿರಿಯಳಾದ ಅಕ್ಕ. ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ಅಕ್ಕ. ಆ ಲ್ಯಾಬಿನಲ್ಲಿ ಅಕ್ಕ ಅಂದರೆ ಅವಳೊಬ್ಬಳೇ. ಗುಬ್ಬಿಗೆ ನರ ಹುಡುಕುವುದನ್ನು ಕಲಿಸಿದವಳು ಅವಳು. ಗುಬ್ಬಿಯ ಮಗಳಿಗೆ ಜ್ವರ ಬಂದಾಗಲೆಲ್ಲ "ನೀನು ಹೋಗೇ, ನಾನು ನೋಡ್ಕೋತೀನಿ" ಎಂದು ಎರಡು ಪಾಳಿ ಒಟ್ಟಿಗೆ ಎಳೆದವಳೂ ಅವಳೇ.

ಲ್ಯಾಬಿಗೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಗುಬ್ಬಿಯ ತಲೆನೋವು ಶುರುವಾಯಿತು. ರಿಪೋರ್ಟು ಸಹಿಯೊಂದಿಗೆ ಅಚ್ಚಾಗಬೇಕಾದರೆ ಡಾಕ್ಟರಮ್ಮನಾದರೂ ಗುಬ್ಬಿಯಾದರೂ ತಮ್ಮ ಪಾಸ್‌ವರ್ಡ್ ಹೊಡೆದು ಒಪ್ಪಿಗೆ ಕೊಡಬೇಕು. ಅಕ್ಕನಿಗೆ ಅನುಭವವಿತ್ತು, ಸರ್ಟಿಫಿಕೇಟು ಇರಲಿಲ್ಲ. ಹಾಗಾಗಿ ಅವಳಿಗೆ ಆ ಹಕ್ಕಿರಲಿಲ್ಲ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಲೇಬೇಕೆಂದು ಸಾಫ್ಟ್‌ವೇರ್ ಪಟ್ಟು ಹಿಡಿಯುತ್ತಿತ್ತು. ದೊಡ್ಡಕ್ಷರ ಇರಬೇಕು, ಚಿಹ್ನೆ ಇರಬೇಕು, ಅಂಕಿ ಇರಬೇಕು. ಯಾರ ನರ ಎಡಗೈಯಲ್ಲಿ ಸಿಗುತ್ತದೆ, ಯಾರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ ಎಂಬುದೆಲ್ಲ ನೆನಪಿರುತ್ತಿದ್ದ ಗುಬ್ಬಿಗೆ ಪಾಸ್‌ವರ್ಡ್ ಮಾತ್ರ ನಿಲ್ಲುತ್ತಿರಲಿಲ್ಲ. ಮರೆತಾಗಲೆಲ್ಲ ಕಂಪ್ಯೂಟರ್ ರಿಪೇರಿಯವನು ಬರಬೇಕಿತ್ತು. ಒಂದು ದಿನ ಅವನು ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ ಹೇಳಿದ.

"ಮೇಡಂ, ಮಗಳ ಹೆಸರು ಬೇಡ. ಹುಟ್ಟಿದ ದಿನ ಬೇಡ. ಯಜಮಾನರ ಫೋನ್ ನಂಬರೂ ಬೇಡ. ಯಾರೂ ಊಹಿಸೋ ಹಾಗಿರಬಾರದು, ನೀವು ಮರೆಯೋ ಹಾಗೂ ಇರಬಾರದು."

"ಅಂಥದ್ದು ಏನಿದೆಯಪ್ಪ ಪ್ರಪಂಚದಲ್ಲಿ?"

"ಯೋಚನೆ ಮಾಡಿ. ಪ್ರತಿ ಸಲ ಇದೊಂದಕ್ಕೇ ಬರೋಕೆ ನಂಗಾಗಲ್ಲ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಗುಬ್ಬಿಗೆ ಮೈ ಉರಿಯಿತು. ಅವನು ಎದ್ದು ಹೋದ ಮೇಲೆ, ಹೊಸ ಪಾಸ್‌ವರ್ಡ್ ಕೇಳುತ್ತಿದ್ದ ಕಂಪ್ಯೂಟರಿನ ಮುಂದೆ ಕೂತಳು. ಸೆಕೆಯ ದಿನ. ಅಷ್ಟರಲ್ಲಿ ಅಕ್ಕ ಲೇಬಲ್ ಸುರುಳಿ ತೆಗೆದುಕೊಳ್ಳಲು ಅವಳ ಹೆಗಲ ಮೇಲಿಂದ ಬಾಗಿದಳು. ಕೆಲವು ದಿನಗಳಿಂದ ಅಕ್ಕನ ಮೈಯಿಂದ ಒಂದು ವಾಸನೆ ಬರುತ್ತಿತ್ತು. ನೋವಿಗೆ ಹಚ್ಚುವ ಎಣ್ಣೆಯದು, ಸರಿಯಾಗಿ ಒಣಗದ ಬಟ್ಟೆಯದು, ಅದರಡಿಯಲ್ಲಿ ಇನ್ನೂ ಏನೋ ಒಂದರದು. ಗುಬ್ಬಿ ಉಸಿರು ಬಿಗಿಹಿಡಿದಳು. ಅಕ್ಕ ಅತ್ತ ಸರಿದದ್ದೇ ಅವಳ ಬೆರಳುಗಳು ಇಂಗ್ಲಿಷ್ ಅಕ್ಷರಗಳಲ್ಲಿ 'ನಾರೋಅಕ್ಕ' ಎಂದು ಹೊಡೆದವು. ಮೊದಲಕ್ಷರ ದೊಡ್ಡದು, ಕೊನೆಗೊಂದು ಚಿಹ್ನೆ, ಆಮೇಲೆ ಒಂದು ಎಂಬ ಅಂಕಿ. ಪರದೆಯ ಮೇಲೆ ಬರೀ ಚುಕ್ಕಿಗಳು. ಪಕ್ಕದಲ್ಲಿ ಹಸಿರು ಗೆರೆ ಮೂಡಿ, ಪಾಸ್‌ವರ್ಡ್ ಬಲವಾಗಿದೆ ಎಂದು ಸಾಫ್ಟ್‌ವೇರ್ ಮೆಚ್ಚಿಕೊಂಡಿತು. ಗುಬ್ಬಿ ಒಳಗೊಳಗೇ ನಕ್ಕಳು.

ಆಮೇಲೆ ಅವಳು ಪಾಸ್‌ವರ್ಡ್ ಮರೆತದ್ದೇ ಇಲ್ಲ. ಇಷ್ಟು ಚೆನ್ನಾಗಿ ನೆನಪಿರುವುದನ್ನು ಬಿಡುವುದೇಕೆಂದು ಇಮೇಲಿಗೂ ಅದನ್ನೇ ಇಟ್ಟಳು. ಬ್ಯಾಂಕಿಗೂ, ಮಗಳ ಶಾಲೆಯ ಆ್ಯಪಿಗೂ, ಬಟ್ಟೆ ತರಿಸುವ ಕಡೆಗೂ ಅದೇ. ಲ್ಯಾಬಿನ ಸಾಫ್ಟ್‌ವೇರ್ ಹೊಸದು ಕೇಳಿದಾಗ ಕೊನೆಯ ಅಂಕಿಯನ್ನು ಎರಡು ಮಾಡಿದಳು. ಮತ್ತೆ ಕೇಳಿದಾಗ ಮೂರು.

ಹೀಗೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಔಷಧದಂಗಡಿಯವನು ಗುಬ್ಬಿಯನ್ನು ಕರೆದು, "ಅಕ್ಕ ಈ ವಾರ ಎಣ್ಣೆ ಒಯ್ಯಲೇ ಇಲ್ಲ. ಯಜಮಾನ್ರು ಹೇಗಿದಾರೆ?" ಎಂದು ಕೇಳಿದ. ಗುಬ್ಬಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕನನ್ನೇ ಕೇಳಿದಳು.

ಅಕ್ಕ ಕೊಳವೆಗಳನ್ನು ಜೋಡಿಸುತ್ತಲೇ ಹೇಳಿದಳು. "ಹೋದ ವರ್ಷ ಪೇಂಟ್ ಮಾಡ್ತಾ ಏಣಿಯಿಂದ ಬಿದ್ರು. ಸೊಂಟದ ಕೆಳಗೆ ಬಲ ಇಲ್ಲ. ಮಗ್ಗುಲು ಬದಲಾಯಿಸೋಕೂ ನಾನೇ ಬೇಕು. ಬೆಳಿಗ್ಗೆ ಅವರದ್ದೆಲ್ಲ ಮುಗಿಸಿ ಬರೋಷ್ಟರಲ್ಲಿ ನಂಗೆ ಒಂದು ಚೊಂಬು ನೀರು ಹಾಕ್ಕೊಳ್ಳೋಕೂ ಹೊತ್ತಿರಲ್ಲ."

"ಒಂದು ವರ್ಷದಿಂದ ಬಾಯಿ ಬಿಟ್ಟಿಲ್ವಲ್ಲಕ್ಕ?"

"ಹೇಳ್ಕೊಂಡು ಏನ್ಮಾಡ್ಲಿ."

ಗುಬ್ಬಿಗೆ ಕಣ್ಣು ತುಂಬಿತು. ಮರುದಿನದಿಂದ ಬೆಳಗಿನ ಮೊದಲ ಗಿರಾಕಿಗಳನ್ನೆಲ್ಲ ತಾನೇ ನೋಡಿಕೊಂಡು, ಅಕ್ಕ ತಡವಾಗಿ ಬರುವಂತೆ ಮಾಡಿದಳು. ಆ ತಿಂಗಳೇ ಸಾಫ್ಟ್‌ವೇರ್ ಮತ್ತೆ ಹೊಸ ಪಾಸ್‌ವರ್ಡ್ ಕೇಳಿತು. ಈ ಮಾತನ್ನು ಇನ್ನು ಇಟ್ಟುಕೊಳ್ಳಬಾರದು ಎಂದು ಗುಬ್ಬಿಗೆ ಅನ್ನಿಸಿತು. ಆದರೆ ಬೇರೆ ಮಾತು ಹೊಳೆಯಲಿಲ್ಲ, ಕೌಂಟರಿನ ಮುಂದೆ ಜನ ಸಾಲುಗಟ್ಟಿದ್ದರು. ಬರೀ ಚುಕ್ಕಿಗಳು ತಾನೆ, ಯಾರಿಗೆ ಕಾಣುತ್ತದೆ ಎಂದುಕೊಂಡಳು. ಅಂಕಿಯನ್ನು ಒಂದು ಏರಿಸಿ ಕೆಲಸಕ್ಕೆ ತಿರುಗಿದಳು. ಆಮೇಲೂ ಹಾಗೆಯೇ ಏರಿಸುತ್ತ ಹೋದಳು.

ಅದು ಬಯಲಾದದ್ದು ಅವಳು ದವಡೆ ಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ್ದ ದಿನ. ಡಾಕ್ಟರಮ್ಮ ಪರವೂರಿಗೆ ವಿಮಾನ ಹತ್ತಿದ್ದರು. ಗುಬ್ಬಿಯ ಒಂದು ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ. ಅಕ್ಕನ ಫೋನು ಬಂತು.

"ಗುಬ್ಬಿ, ಮಲಗಿದ್ದೋಳನ್ನ ಎಬ್ಬಿಸಿದೆ ಕಣೇ. ಎದುರುಗಡೆ ಆಸ್ಪತ್ರೇಲಿ ಒಬ್ಬರಿಗೆ ತುರ್ತು ಆಪರೇಷನ್. ಅರಿವಳಿಕೆ ಡಾಕ್ಟರು ರಕ್ತದ ರಿಪೋರ್ಟ್ ಇಲ್ದೆ ಮುಟ್ಟಲ್ಲ ಅಂತಿದಾರೆ. ಫಲಿತಾಂಶ ಎಲ್ಲ ಬಂದಿದೆ, ಒಪ್ಪಿಗೆ ಒಂದು ಬಾಕಿ. ಡಾಕ್ಟರಮ್ಮನ ಫೋನ್ ಆಫ್. ನಿನ್ನ ಪಾಸ್‌ವರ್ಡ್ ಹೇಳ್ಬಿಡು."

ಗುಬ್ಬಿ ಎದ್ದು ಕೂತಳು.

"ಬಾಯಿಮಾತಲ್ಲಿ ಹೇಳಿದ್ರೆ ಆಗಲ್ವಾ ಅವರಿಗೆ?"

"ಸಹಿ ಇರೋ ಕಾಗದಾನೇ ಬೇಕಂತೆ. ಮಾತಾಡೋಕೆ ನೋವಾದ್ರೆ ಮೆಸೇಜ್ ಹಾಕು."

"ನೆನಪಾಗ್ತಿಲ್ಲಕ್ಕ."

"ದಿನಾ ಹೊಡೀತೀಯಲ್ಲೇ?"

"ಬೆರಳಿಗೆ ಗೊತ್ತು, ಬಾಯಿಗೆ ಬರ್ತಿಲ್ಲ. ಕೀಬೋರ್ಡ್ ಮುಂದೆ ಕೂತ್ರೆ ಬರುತ್ತೆ. ನಾನೇ ಬಂದ್ಬಿಡ್ತೀನಿ, ಇರು."

ಗಂಡನ ಬೈಕಿನ ಹಿಂದೆ ಕೂತು ಹೊರಟಳು. ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು ಗಾಡಿಗಳು ಕದಲುತ್ತಿರಲಿಲ್ಲ. ಹತ್ತಿಯಲ್ಲಿ ರಕ್ತದ ರುಚಿ ಬರುತ್ತಿತ್ತು. ಒಂದು ಮೆಸೇಜು ಹಾಕಿದ್ದರೆ ರಿಪೋರ್ಟು ಇಷ್ಟು ಹೊತ್ತಿಗೆ ರಸ್ತೆ ದಾಟಿರುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಆಪರೇಷನ್ ಟೇಬಲ್ಲಿನ ಪಕ್ಕ ಯಾರೋ ಕಾಯುತ್ತಿದ್ದಾರೆ, ತನ್ನ ಮಾನ ಉಳಿಯಲೆಂದು ಅವರನ್ನು ಕಾಯಿಸುತ್ತಿದ್ದೇನೆ ಎಂಬುದೂ ಗೊತ್ತಿತ್ತು. ಫೋನನ್ನು ಕೈಯಲ್ಲೇ ಹಿಡಿದಿದ್ದಳು. ಆದರೂ ಬರೆಯಲಿಲ್ಲ.

"ಅಷ್ಟೊಂದು ನೋವಾ?" ಎಂದು ಗಂಡ ಹಿಂದೆ ತಿರುಗಿ ಕೇಳಿದ. ಅವಳು ತಲೆಯಾಡಿಸಿದಳು.

ಲ್ಯಾಬಿನ ಬಾಗಿಲಲ್ಲಿ ಕಂಪ್ಯೂಟರ್ ರಿಪೇರಿಯವನು ಚಪ್ಪಲಿ ಮೆಟ್ಟುತ್ತಿದ್ದ. ಅಕ್ಕ ಅವನನ್ನು ಕರೆಸಿದ್ದಳು. ಗುಬ್ಬಿಯನ್ನು ಕಂಡು ಅವನು ನಗು ತಡೆದುಕೊಂಡ.

"ಆಯ್ತು ಮೇಡಂ, ರಿಪೋರ್ಟ್ ಹೋಯ್ತು. ಹೊಸ ಪಾಸ್‌ವರ್ಡ್ ಕೊಡೋಕೆ ಡಾಕ್ಟರಮ್ಮ ಬೇಕು, ಅವರು ಸಿಗ್ಲಿಲ್ಲ. ಆದ್ರೆ ನಿಮ್ಮ ಇಮೇಲ್ ಪಾಸ್‌ವರ್ಡ್ ಈ ಕಂಪ್ಯೂಟರಲ್ಲೇ ಸೇವ್ ಆಗಿತ್ತು. ಕಣ್ಣಿನ ಗುರುತು ಒತ್ತಿದ್ರೆ ಪೂರ್ತಿ ಕಾಣುತ್ತೆ. ಜನ ಒಂದನ್ನೇ ಎಲ್ಲಾ ಕಡೆ ಇಟ್ಟಿರ್ತಾರಲ್ಲ, ಹಾಕಿ ನೋಡಿದೆ, ಆಗ್ಲಿಲ್ಲ. ಆಮೇಲೆ ಅಕ್ಕನೇ ಹೇಳಿದ್ರು, ಮೂರು ತಿಂಗಳಿಗೊಂದು ಸಲ ಬದಲಾಯಿಸ್ಬೇಕಲ್ಲ, ನಂಬರ್ ಏರಿಸಿರ್ತಾಳೆ ನೋಡು ಅಂತ. ಅವರೇ ಕೂತು ಒಂದೊಂದೇ ಹೊಡೆದ್ರು. ಒಂಬತ್ತಕ್ಕೆ ತೆರೀತು."

ಅಕ್ಕ ಅದನ್ನು ಓದಿದ್ದಾಳೆ ಅಷ್ಟೇ ಅಲ್ಲ, ತನ್ನ ಕೈಯಾರೆ ಮತ್ತೆ ಮತ್ತೆ ಹೊಡೆದಿದ್ದಾಳೆ. ಒಂಬತ್ತು ಅಂದರೆ ಎರಡು ವರ್ಷಕ್ಕೂ ಮೇಲಾಯಿತು ಎಂದು ಲೆಕ್ಕ ಹಾಕಲು ಬಾರದವಳೇನಲ್ಲ ಅಕ್ಕ. ಯಾವತ್ತೋ ಸಿಟ್ಟಿನಲ್ಲಿ ಬಾಯಿಂದ ಬಂದದ್ದು ಎನ್ನುವಂತೆಯೂ ಇರಲಿಲ್ಲ.

ಒಳಗೆ ಅಕ್ಕ ಸೂಜಿಗಳ ಡಬ್ಬಿ ಮುಚ್ಚುತ್ತಿದ್ದಳು. "ಯಾಕೆ ಬಂದೆ, ಕೆನ್ನೆ ಹೇಗೆ ಊದಿದೆ ನೋಡು. ಐಸ್ ಇಟ್ಕೋ ಹೋಗು" ಎಂದಳು. ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಮಾತಾಡುತ್ತಲೇ ಎದ್ದು, ಮೇಜಿನ ಆಚೆ ಬದಿಗೆ ಹೋಗಿ, ಗೋಡೆಗೆ ಒತ್ತಿಕೊಂಡಂತೆ ನಿಂತಳು. ತನ್ನ ಗಾಳಿ ಇತ್ತ ಸೋಕದಿರಲಿ ಎಂಬಂತೆ. ಗುಬ್ಬಿ "ಅಕ್ಕ" ಎಂದಳು.

ವಾಪಸು ಬಂದ ಡಾಕ್ಟರಮ್ಮನಿಗೆ ವಿಷಯ ತಿಳಿಯಿತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಒಪ್ಪಿಗೆ ಕೊಡುವುದು ಸಣ್ಣ ತಪ್ಪಲ್ಲ ಎಂದು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ರೇಗಿದರು. "ಅಷ್ಟು ಸುಲಭವಾಗಿ ಸಿಗೋ ಪಾಸ್‌ವರ್ಡಾ? ಏನಿತ್ತು ಅದು?"

"ಈಗ್ಯಾಕೆ ಬಿಡಿ ಡಾಕ್ಟರೇ. ಬದಲಾಯಿಸ್ತಾಳೆ" ಎಂದಳು ಅಕ್ಕ.

ಬದಲಾಯಿಸುವುದೂ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮನೆಯಲ್ಲಿ ಕೂತು ಒಂದೊಂದೇ ಕಡೆ ತೆರೆದಳು. ಎಲ್ಲ ಕಡೆಯೂ ಮೊದಲು ಹಳೆಯ ಪಾಸ್‌ವರ್ಡ್ ಹೊಡೆಯಿರಿ ಎನ್ನುತ್ತಿತ್ತು. ಬ್ಯಾಂಕಿಗೆ ಹೊಡೆದಳು. ಶಾಲೆಗೆ ಹೊಡೆದಳು. ಬಟ್ಟೆಯ ಅಂಗಡಿಗೆ ಹೊಡೆಯುವಾಗ ಕೈ ತಪ್ಪಿ, ತಪ್ಪಾಗಿದೆ, ಮತ್ತೊಮ್ಮೆ ಹೊಡೆಯಿರಿ ಎಂದಿತು. ಪಕ್ಕದಲ್ಲಿ ಪಾಠ ಓದುತ್ತಿದ್ದ ಮಗಳು ಬಗ್ಗಿ ನೋಡಿದಾಗ ಫೋನನ್ನು ಎದೆಗೆ ಒತ್ತಿಕೊಂಡಳು. ಮಗಳು ಅಕ್ಕನನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು.

ವಾರ ಕಳೆದರೂ ಅಕ್ಕ ಆ ಮಾತೆತ್ತಲಿಲ್ಲ. ಕುರ್ಚಿಯನ್ನು ಹಿಂದಿನ ಕೋಣೆಗೆ, ಕಿಟಕಿಯ ಬಳಿಗೆ ಎಳೆದುಕೊಂಡಿದ್ದಳು. ಊಟವನ್ನೂ ಅಲ್ಲೇ ಮಾಡುತ್ತಿದ್ದಳು. ಬೈದಿದ್ದರೆ ಗುಬ್ಬಿಗೆ ಎಷ್ಟೋ ಹಗುರವಾಗುತ್ತಿತ್ತು. ಕಡೆಗೆ ತಡೆಯಲಾರದೆ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಅಕ್ಕ, ನಾನು ಮಾಡಿದ್ದು ಮನುಷ್ಯರು ಮಾಡೋ ಕೆಲಸ ಅಲ್ಲ. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ."

ಅಕ್ಕ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು.

"ನಿಜಾನಾ ಅದು?"

"ಏನಕ್ಕ?"

"ನಾನು ನಾರೋದು." ಅಕ್ಕ ಈಗ ಅವಳ ಕಡೆ ತಿರುಗಿದಳು. "ಇವರು ಬಿದ್ದ ವರ್ಷ ನಂಗೊಂದು ಜ್ವರ ಬಂದಿತ್ತಲ್ಲ. ಆವಾಗಿಂದ ನಂಗೆ ವಾಸನೆ ಅನ್ನೋದೇ ಗೊತ್ತಾಗಲ್ಲ ಗುಬ್ಬಿ. ಹೂವೂ ಒಂದೇ, ಫಿನಾಯಿಲೂ ಒಂದೇ. ಇಷ್ಟು ವರ್ಷ ಜನರ ಕೈ ಹಿಡಿದು ರಕ್ತ ತೆಗೆದಿದೀನಿ. ಬಸ್ಸಲ್ಲಿ ಪಕ್ಕ ಕೂತೋರು ಎದ್ದು ಹೋಗ್ತಿದ್ರು, ಅವರ ಸ್ಟಾಪ್ ಬಂತೇನೋ ಅನ್ಕೋತಿದ್ದೆ."

ಅಕ್ಕ ಮುಂದಿನ ಕಂಪ್ಯೂಟರಿನ ಕಡೆಗೆ ಕೈ ತೋರಿಸಿದಳು.

"ಆ ಯಂತ್ರಕ್ಕೆ ದಿನಾ ಹೇಳಿದೀಯ. ನಂಗೆ ಒಂದ್ಸಲ ಹೇಳ್ಬಾರ್ದಿತ್ತಾ? ನಿಂಗೆ ಕೆಲಸ ಕಲಿಸುವಾಗ ನಾನು ಮುಲಾಜಿಲ್ದೆ ಹೇಳ್ತಿರ್ಲಿಲ್ವಾ, ಕೈ ನಡುಗ್ತಿದೆ, ಉಗುರು ಕತ್ತರಿಸು ಅಂತ?"

ಗುಬ್ಬಿ ಅತ್ತಳು. ಅಕ್ಕ ಸಮಾಧಾನ ಮಾಡಲಿಲ್ಲ. ಹೊರಗೆ ಯಾರೋ ಕೌಂಟರು ಬಡಿದು "ಯಾರಿದೀರಿ?" ಎಂದು ಕರೆದರು. ಗುಬ್ಬಿ ಮುಖ ಒರೆಸಿಕೊಂಡು ಹೋಗಬೇಕಾಯಿತು. ಅಂದು ಅವಳು ಗಿರಾಕಿಗಳನ್ನು ನಗಿಸಲಿಲ್ಲ. ಒಂದು ಮಗು ಜೋರಾಗಿ ಅತ್ತಿತು.

ಇಬ್ಬರೂ ಅಲ್ಲಿ ಕೆಲಸ ಮುಂದುವರಿಸಿದರು. ಅಕ್ಕ ಒಂದು ಜೊತೆ ಬಟ್ಟೆಯನ್ನು ಲ್ಯಾಬಿನಲ್ಲೇ ಇಟ್ಟುಕೊಂಡಳು. ಕೆಲಸಕ್ಕೆ ಕೈಹಾಕುವ ಮುಂಚೆ ಬಚ್ಚಲಲ್ಲಿ ಮೈ ತೊಳೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಆದರೆ ತೊಳೆದದ್ದು ಸಾಕಾಯಿತೋ ಇಲ್ಲವೋ ಎಂದು ಅವಳಿಗೆ ಗೊತ್ತಾಗುವಂತಿರಲಿಲ್ಲ. ಒಂದು ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ತಾನಾಗಿಯೇ ಗುಬ್ಬಿಯ ಹತ್ತಿರ ಬಂದು ನಿಂತಳು.

"ಇವತ್ತು ಹೇಗಿದೀನಿ?"

ಗುಬ್ಬಿ ಹತ್ತಿರ ಹೋಗಿ ಮೂಸಿದಳು. "ಏನೂ ಇಲ್ಲಕ್ಕ."

"ನಿಜ ಹೇಳು."

ಗುಬ್ಬಿಯ ಮುಖ ಬಿಸಿಯಾಯಿತು. "ಸ್ವಲ್ಪ ಇದೆ. ಎಣ್ಣೇದು. ಎಡಗಡೆ ತೋಳಲ್ಲಿ."

ಅಕ್ಕ ತೋಳು ಮಡಚಿಕೊಂಡು ಮತ್ತೆ ಬಚ್ಚಲಿಗೆ ಹೋದಳು. ಒಳಗಿಂದ ನೀರು ಬಿಟ್ಟ ಸದ್ದು ಕೇಳಿಸಿತು. ಗುಬ್ಬಿ ಒಗೆದ ಟವೆಲ್ಲು ಹಿಡಿದು ಬಾಗಿಲ ಹೊರಗೆ ನಿಂತಳು.