ನಾಲ್ಕಕ್ಕೂ ಐದಕ್ಕೂ ನಡುವೆ ಎವರಿಸ್ತೊ

ಬ್ಯೂನಸ್ ಐರಿಸ್ ನಗರದ ಪಲೇರ್ಮೊ ಬಡಾವಣೆಯಲ್ಲಿ ಒಂಬತ್ತು ಅಂತಸ್ತಿನ ಹಳೆಯ ಕಟ್ಟಡವೊಂದನ್ನು ಎವರಿಸ್ತೊ ಲುನಾ ನೋಡಿಕೊಳ್ಳುತ್ತಿದ್ದನು. ಅದರ ಮಹಡಿ ಮಹಡಿಗಳಲ್ಲೂ ಮನೋವೈದ್ಯರ ಕೋಣೆಗಳು. ದುಃಖಾರ್ತರು ಬಂದು, ಮಂಚದ ಮೇಲೊರಗಿ ಮಾತನಾಡಿ, ಕಣ್ಣೊರೆಸಿಕೊಂಡು ಇಳಿಯುವರು. ಗರ್ಭಗುಡಿಗೆ ಕಾವಲಿರುವವನಂತೆ ಎವರಿಸ್ತೊ ಅಲ್ಲಿಯ ನಿಶ್ಶಬ್ದವನ್ನು ಕಾಯುತ್ತಿದ್ದನು. ಮೆಟ್ಟಿಲಿನಲ್ಲಿ ಬಕೆಟ್ಟಿನ ಸದ್ದನ್ನೂ ಅವನು ಆಗಗೊಡನು.

ಅಂಥವನಿಗೆ ಲಿಫ್ಟ್ ಹತ್ತಲು ಭಯ. ಹೆಂಡತಿ ನಿಲ್ದಾ ತೀರಿದಂದಿನಿಂದ ಮೆಟ್ಟಿಲೇರಿಯೇ ಎಲ್ಲ ಮಹಡಿಗಳ ಕಸವನ್ನು ಇಳಿಸುತ್ತ ಬಂದವನ ಮೊಣಕಾಲು ಈಗ ಸೋತಿತ್ತು. ಮಾರ್ಚ್ ತಿಂಗಳ ಸಭೆಯಲ್ಲಿ ಮಾಲೀಕರು ತೀರ್ಮಾನಿಸುವವರಿದ್ದರು: ಲಿಫ್ಟ್ ಹತ್ತಿದರೆ ಸರಿ, ಇಲ್ಲವಾದರೆ ಕೆಲಸವೂ ಇಲ್ಲ, ಅವನು ವಾಸವಿದ್ದ ತಾರಸಿಯ ಮೇಲಿನ ಮನೆಯೂ ಇಲ್ಲ.

ಕಟ್ಟಡದ ವೈದ್ಯರಾರೂ ಅವನನ್ನು ಕೈಗೆತ್ತಿಕೊಳ್ಳಲಿಲ್ಲ. ಪರಿಚಿತರಿಗೆ ಚಿಕಿತ್ಸೆ ಮಾಡುವುದು ಅವರ ವೃತ್ತಿಧರ್ಮಕ್ಕೆ ವಿರುದ್ಧ. ಪುಕ್ಕಟೆ ಸಲಹೆಗೆ ಮಾತ್ರ ಬರವಿರಲಿಲ್ಲ. ಹಾಗಾಗಿ ಅವನು ಬೇರೊಂದು ಬಡಾವಣೆಯ ಡಾಕ್ಟರ್ ಕಪ್ಲಾನರಲ್ಲಿಗೆ ಹೋಗತೊಡಗಿದನು. ಕಪ್ಲಾನರು ರೋಗಿಯ ತಲೆಯ ಹಿಂದೆ ಕುಳಿತು ಮೌನವಾಗಿರುವ ಸಂಪ್ರದಾಯದವರು. ಎವರಿಸ್ತೊ ತಂದೆಯ ಮಾತಾಡಿದನು, ಹುಟ್ಟೂರಿನ ಮಾತಾಡಿದನು. ಆಡಬೇಕಾದ ಮಾತಿನ ಸುತ್ತ ಗಾಣದೆತ್ತಿನಂತೆ ತಿರುಗಿದನು. ಜನವರಿಯ ಕೊನೆಗೊಂದು ದಿನ ಬಾಯಿಬಿಟ್ಟನು.

"ಕರೆಂಟು ಹೋಯ್ತು ಡಾಕ್ಟ್ರೇ. ನಾಲ್ಕು-ಐದನೇ ಮಹಡಿ ಮಧ್ಯೆ ಲಿಫ್ಟು ನಿಂತುಬಿಡ್ತು. ಮೇಲೆ ನನ್ನ ನಿಲ್ದಾಗೆ ಉಬ್ಬಸ. ಅವಳ ಔಷಧಿ ನನ್ನ ಜೇಬಲ್ಲಿತ್ತು. ನಾನು ಕೂಗ್ಲಿಲ್ಲ."

"ಕೂಗಲಿಲ್ಲ," ಎಂದರು ಕಪ್ಲಾನರು. "ಇಲ್ಲಿಗೆ ನಿಲ್ಲಿಸೋಣ."

"ಈಗ್ ತಾನೇ ಬಾಯಿಗೆ ಬಂತಲ್ಲ ಡಾಕ್ಟ್ರೇ."

"ಅದಕ್ಕೇ."

ತುಂಡರಿಸಿದ ಮಾತು ಒಳಗೇ ಕೆಲಸ ಮಾಡುತ್ತದೆಂಬುದು ಅವರ ಮತ. ಫೆಬ್ರವರಿ ಬಂದಿತು, ಊರಿನ ಮನೋವೈದ್ಯರೆಲ್ಲ ವಾಡಿಕೆಯಂತೆ ಬೇಸಿಗೆ ರಜೆಗೆಂದು ಕಡಲತೀರಕ್ಕೆ ಹೊರಟುಹೋದರು. ಎವರಿಸ್ತೊನ ಗಂಟಲಲ್ಲಿ ಬಿಸಿತುಪ್ಪ ಉಳಿಯಿತು. ನುಂಗಲೂ ಆಗದು, ಉಗುಳಲೂ ಆಗದು.

ಆ ತಿಂಗಳು ಊರಲ್ಲಿ ಉಳಿದವಳು ರೊಮಿನಾ ಎಂಬ ತರುಣ ಮನೋಚಿಕಿತ್ಸಕಿಯೊಬ್ಬಳೇ. ಭಯದ ಬೇರನ್ನು ಕೆದಕದೆ, ಭಯದೆದುರಿಗೇ ನಿಲ್ಲಿಸಿ ಪಳಗಿಸುವುದು ಅವಳ ಪದ್ಧತಿ. ಕಟ್ಟಡಕ್ಕೇ ಬಂದಳು. ಮೊದಲು ಜಾಲರಿ ಬಾಗಿಲನ್ನು ತೆರೆದಿಟ್ಟು ಅವನನ್ನು ಲಿಫ್ಟಿನೊಳಗೆ ನಿಲ್ಲಿಸಿದಳು. ಆಮೇಲೆ ಒಂದೊಂದೇ ಮಹಡಿ ಏರಿಸಿದಳು. ಬೆವರುತ್ತಲೇ ಅವನು ನಾಲ್ಕನೆಯದನ್ನು ಮುಟ್ಟಿದನು.

"ಅವತ್ತು ನಾನ್ಯಾಕೆ ಕೂಗ್ಲಿಲ್ಲ ಅಂದ್ರೆ, ಅಮ್ಮಾ..."

"ಅದೆಲ್ಲ ಬೇಡ ಎವರಿಸ್ತೊ ಅವರೇ. ಈಗ ಭಯ ನೂರಕ್ಕೆ ಎಷ್ಟು?"

"ಎಂಬತ್ತು. ಸಿಟ್ಟು ನೂರಾಹತ್ತು."

"ಸಿಟ್ಟು ಲೆಕ್ಕಕ್ಕಿಲ್ಲ."

ಒಂದು ಪದ್ಧತಿ ಅವನ ನಾಲಿಗೆಯನ್ನು ಬಿಡಿಸಿತ್ತು, ಇನ್ನೊಂದು ಕಾಲನ್ನು, ಅದನ್ನವನು ಅಲ್ಲಗಳೆಯಲಾರನು. ಆದರೂ, ಕೇಳುವುದನ್ನೇ ಕಸುಬಾಗಿಸಿಕೊಂಡವರ ನಡುವೆ ತನ್ನದು ಅರಣ್ಯರೋದನವಾಯಿತೆಂದು ಒಳಗೊಳಗೇ ಕುದಿದನು.

ಸಭೆಯ ಹಿಂದಿನ ದಿನ. ವೈದ್ಯರೆಲ್ಲ ಮರಳಿದ್ದರು, ಕೋಣೆಗಳು ತುಂಬಿದ್ದವು. ರೊಮಿನಾ ನಾಲ್ಕಕ್ಕೂ ಐದಕ್ಕೂ ನಡುವೆ ಬೇಕೆಂದೇ ಲಿಫ್ಟನ್ನು ನಿಲ್ಲಿಸಿದಳು.

"ನಿಧಾನಕ್ಕೆ ಉಸಿರಾಡಿ. ಸುಮ್ಮನಿರಿ. ಭಯ ತಾನಾಗೇ ಇಳಿಯತ್ತೆ."

"ಸುಮ್ಮನೇ ಇದ್ದೆನಲ್ಲಮ್ಮಾ ಅವತ್ತು. ಎಲ್ಲಾ ಬಾಗಿಲ ಒಳಗೂ ಜನ ಅಳ್ತಾ ಮಾತಾಡ್ತಿದ್ರು. ಕೂಗಿದ್ರೆ ಪಾಪ ಅವರಿಗೆ ತೊಂದ್ರೆ, ಮುಗಿಸ್ಲಿ, ಆಮೇಲೆ ಜಾಲರಿ ಬಡಿಯೋಣ ಅಂತ ನಿಂತೆ. ಅಷ್ಟರಲ್ಲಿ ನಿಲ್ದಾ ಹೋಗ್ಬಿಟ್ಟಿದ್ಳು."

ರೊಮಿನಾ ನೂರಕ್ಕೆಷ್ಟೆಂದು ಕೇಳಲಿಲ್ಲ. ಅವನು ಎರಡೂ ಕೈಗಳಿಂದ ಜಾಲರಿಯನ್ನು ಬಡಿಯುತ್ತ ಕೂಗಿದನು: "ಯಾರಾದ್ರೂ ಬನ್ನಿ. ಮೇಲೆ ನಿಲ್ದಾಗೆ ಉಸಿರು ಸಿಗ್ತಿಲ್ಲ. ಬನ್ರಪ್ಪಾ ಯಾರಾದ್ರೂ."

ಬಾಗಿಲುಗಳು ತೆರೆದವು. ಐದನೆಯ ಮಹಡಿಯ ವೈದ್ಯೆ ಬಗ್ಗಿ ನೋಡಿದಳು.

"ಎವರಿಸ್ತೊ, ಏನಿದು? ಒಳಗೊಬ್ಬರು ಮಾತಾಡ್ತಿದಾರೆ."

"ಮಾತಾಡ್ಲಿ ಡಾಕ್ಟ್ರೇ. ನಾನೂ ಮಾತಾಡ್ತಿದೀನಿ."

ಗಂಟಲು ಬತ್ತುವವರೆಗೆ ಕೂಗಿ, ಅನಂತರ ತಾನೇ ಒಂಬತ್ತರ ಗುಂಡಿಯನ್ನು ಒತ್ತಿದನು. ಲಿಫ್ಟ್ ಮೇಲೇರಿತು.

ಕೆಲಸ ಉಳಿಯಿತು, ಗದ್ದಲ ಮಾಡಿದ್ದಕ್ಕೆ ಸಭೆಯಿಂದ ಛೀಮಾರಿಯೂ ದೊರೆಯಿತು. ಇದು ಅಭ್ಯಾಸದ ಗೆಲುವೆಂದು ರೊಮಿನಾ ಹಿಗ್ಗಿದಳು. ಕಪ್ಲಾನರು ಎಲ್ಲವನ್ನೂ ಕೇಳಿ, ಅಂದು ತಾವು ಮಾತನ್ನು ತುಂಡರಿಸಿದ್ದು ಫಲಿಸಿತೆಂಬಂತೆ "ಹೂಂ" ಎಂದರು.

ಎವರಿಸ್ತೊ ಮಂಚದಿಂದೆದ್ದು ಕುಳಿತು ಅವರ ಮುಖವನ್ನೇ ನೋಡಿದನು.

"ಗೆದ್ದಿದ್ದನ್ನ ನೀವೂ ಆ ಹುಡುಗಿಯೂ ಹಂಚ್ಕೊಳ್ಳಿ ಡಾಕ್ಟ್ರೇ. ನಾಲ್ಕು ದಾಟುವಾಗ ನಂಗೆ ಈಗ್ಲೂ ಮೈಯೆಲ್ಲಾ ಬೆವರತ್ತೆ. ಅದನ್ನ ಯಾರು ತಗೋತೀರಿ?"