ಎರಡು ಬೆರಳು ಮಾಯಾ

ಮೂಡಲಗಿಯಲ್ಲಿ ಅನ್ನಪೂರ್ಣಾಳ ಅಂಗಡಿಗೆ ಬಟ್ಟೆ ತಂದವರು ಮೊದಲು ಬೈಸಿಕೊಳ್ಳಬೇಕು, ಆಮೇಲೆ ಬಟ್ಟೆ ಕೊಡಬೇಕು. ಹೊಸದನ್ನು ಅವಳು ಹೊಲಿಯುವುದು ಕಡಿಮೆ. ಬಿಗಿಯಾದದ್ದನ್ನು ಸಡಿಲು ಮಾಡುವುದು, ಅಪ್ಪನದನ್ನು ಮಗನ ಮೈಗೆ ಕೂಡಿಸುವುದು, ಹುಳ ತಿಂದಲ್ಲಿ ರಫು ಮಾಡುವುದು, ಕೋಟಿನ ಒಳಪದರದ ಅಸ್ತರು ಬದಲಿಸುವುದು, ಇವು ಅವಳ ಕೆಲಸ. ಇದನ್ನು ಸರಿಯಾಗಿ ಬಲ್ಲವರು ಸುತ್ತಲಿನ ಊರುಗಳಲ್ಲಿ ಉಳಿದಿಲ್ಲ. ಹಾಗಾಗಿ ಜನ ಬೈಸಿಕೊಂಡೂ ಬರುತ್ತಾರೆ.

ಕಬ್ಬಿನ ದುಡ್ಡು ಕಂಡ ಮನೆಗಳವರ ಮೇಲೆ ಅವಳ ಸಿಟ್ಟು ಹೆಚ್ಚು. ಅವರಿಗೆ ಬಟ್ಟೆ ಕೊಳ್ಳಲು ಬರುತ್ತದೆ, ಇಟ್ಟುಕೊಳ್ಳಲು ಬರುವುದಿಲ್ಲ. ರೇಷ್ಮೆ ಸೀರೆಯನ್ನು ಬೆವರಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಿಜೋರಿಗೆ ತುರುಕುತ್ತಾರೆ. ಮುಂದಿನ ಮದುವೆಗೆ ತೆಗೆದಾಗ ಜರಿ ಕಪ್ಪಾಗಿ, ಮಡಿಕೆಯ ಗೆರೆಗುಂಟ ಸೀರೆ ಸೀಳಿರುತ್ತದೆ. ಆಗ ಮಾರಿದ ಅಂಗಡಿಯವನಿಗೆ ಶಾಪ ಹಾಕುತ್ತಾರೆ. ಉಣ್ಣೆಯ ಪ್ಯಾಂಟಿನ ಮೇಲೆ ಒದ್ದೆ ಬಟ್ಟೆ ಹಾಸದೆ ನೇರವಾಗಿ ಇಸ್ತ್ರಿ ಎಳೆದು, ಕೂರುವ ಜಾಗವನ್ನು ಕನ್ನಡಿಯಂತೆ ಹೊಳೆಯಿಸಿ ತಂದ ಒಬ್ಬ ಗುತ್ತಿಗೆದಾರನಿಗೆ ಅವಳು, "ಛಲೋ ಆತು ಬಿಡ್ರಿ, ಇನ್ನ ಇದರಾಗ ನೋಡ್ಕೊಂತ ದಾಡಿ ಮಾಡ್ಕೋಬಹುದು" ಎಂದಿದ್ದಳು. ಅವನು ಸಂತೋಷದಿಂದ ನಕ್ಕ. ಬೈದದ್ದು ತಿಳಿಯದವರನ್ನು ಬೈಯುವುದು ಎಷ್ಟು ಬೇಸರದ ಕೆಲಸವೆಂದು ಅನ್ನಪೂರ್ಣಾಳಿಗೆ ಅವತ್ತು ಗೊತ್ತಾಯಿತು. ಇನ್ನು ಅರಭಾವಿಯ ಕಾಲೇಜಿನಿಂದ ಬಸ್ಸು ಹಿಡಿದು ಬಂದು, ಮೊಣಕಾಲಲ್ಲಿ ಬೇಕೆಂದೇ ಹರಿದ ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವ ಹುಡುಗರನ್ನು ಅವಳು ಬೈಯುವುದೂ ಇಲ್ಲ. ತುಟಿ ಬಿಗಿದು ಕತ್ತರಿಸಿ ಕೊಡುತ್ತಾಳೆ.

ಮಾಯಾ ಇಲ್ಲದ ಬಟ್ಟೆ ಅವಳ ಪಾಲಿಗೆ ಬಟ್ಟೆಯೇ ಅಲ್ಲ. ಹೊಲಿಗೆಯ ಒಳಮಗ್ಗುಲಲ್ಲಿ ಮಡಚಿ ಬಿಡುವ ಹೆಚ್ಚಿನ ಅಂಚಿಗೆ ಈ ಕಡೆಯ ಹಳೆಯ ದರ್ಜಿಗಳು ಮಾಯಾ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ತೊಟ್ಟವನು ದಪ್ಪಗಾದರೆ, ಬಟ್ಟೆ ಮಗನ ಪಾಲಿಗೆ ಹೋದರೆ, ಹೊಲಿಗೆ ಬಿಚ್ಚಿ ಆ ಅಂಚನ್ನು ಹೊರಗೆ ಬಿಡಬಹುದು. ರೆಡಿಮೇಡಿನಲ್ಲಿ ಅದು ಇರುವುದಿಲ್ಲ. ತಾಯಿಯ ಮಮತೆಗೆ ಹೇಳುವ ಮಾಯೆಗೂ ಈ ಮಾಯಾಕ್ಕೂ ಏನೋ ನಂಟು ಇರಬೇಕೆಂದು ಯಾರಾದರೂ ಕವಿತ್ವ ಶುರು ಮಾಡಿದರೆ ಅನ್ನಪೂರ್ಣಾ ಕತ್ತರಿ ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತಾಳೆ.

ಈ ತಿರಸ್ಕಾರವೆಲ್ಲ ಅವಳಿಗೆ ತಂದೆ ಬಿಟ್ಟುಹೋದ ಆಸ್ತಿ. ತಂದೆ ರಾಜಪ್ಪ ಹುಕ್ಕೇರಿಯ ಪೇಟೆಯಲ್ಲಿ ದರ್ಜಿಯಾಗಿದ್ದ. ಎಲ್ಲರೂ ರಾಜಪ್ಪ ಮಾಸ್ತರ ಎನ್ನುತ್ತಿದ್ದರು. ಹುಡುಗಿಯಾಗಿದ್ದಾಗ ಅವಳು ಅಂಗಡಿಯ ಹಲಗೆಯ ಮೇಲೆ ಕೂತು ಗುಂಡಿಯ ಕಾಜಾ ಹೊಲಿಯುತ್ತ ಅವನ ಕೆಲಸ ನೋಡುತ್ತಿದ್ದಳು. ಕೆಲವರಿಗೆ ಅವನು ಟೇಪು ಹಿಡಿದು, ಹೊಟ್ಟೆಯ ಸುತ್ತಳತೆಗೆ ನಗೆಯಾಡುತ್ತ ಅಳತೆ ತೆಗೆಯುತ್ತಿದ್ದ. ಇನ್ನು ಕೆಲವರು ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದರು. ಅವರಿಗೆ, ಹಳೇ ಅಂಗಿ ಒಂದು ಇಟ್ಟು ಹೋಗು ಎನ್ನುತ್ತಿದ್ದ. ಆ ಅಂಗಿಯನ್ನು ನೋಡಿಯೇ ಅವನು ಹೊಸದನ್ನು ಕತ್ತರಿಸುತ್ತಿದ್ದ, ಅದು ಮೈಗೆ ಕೂಡುತ್ತಿತ್ತು. ಇದು ತಂದೆಯ ಕಣ್ಣಳತೆಯ ಹೆಚ್ಚುಗಾರಿಕೆ ಎಂದು ಅನ್ನಪೂರ್ಣಾ ನಂಬಿದ್ದಳು. ಮದುವೆಯಾಗಿ ಮೂಡಲಗಿಗೆ ಬಂದು, ಗಂಡ ಸೋಮಲಿಂಗ ದುಡಿಯುವ ಆಸಾಮಿಯಲ್ಲವೆಂದು ತಿಳಿದ ಮೇಲೆ ತಾನೇ ಅಂಗಡಿ ತೆಗೆದಾಗ, ಬೋರ್ಡಿನ ಮೇಲೆ 'ಹುಕ್ಕೇರಿ ರಾಜಪ್ಪ ಟೇಲರ್ಸ್' ಎಂದು ಬರೆಸಿದಳು. ಗಿರಾಕಿಗಳೆದುರು ಅವಳು ಹೇಳಿ ಹೇಳಿ ಸವೆಸಿದ ಮಾತೆಂದರೆ ಇದು: "ನಮ್ಮಪ್ಪ ಅಂಗಿ ನೋಡಿ ಕೋಟು ಹೊಲೀತಿದ್ದ. ಟೇಪು ಮುಟ್ಟತಿದ್ದಿಲ್ಲ."

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆಮ್ರಪಾಲಿ ಎಂಬ ಹೈಸ್ಕೂಲು ಶಿಕ್ಷಕಿ ಒಂದು ಕೋಟು ತಂದಳು. ಬೂದು ಬಣ್ಣದ ಉಣ್ಣೆ, ಮೀನಿನ ಎಲುಬಿನಂಥ ನೇಯ್ಗೆ. ಅವಳ ತಂದೆ ಸಿದ್ರಾಮ ಹುಕ್ಕೇರಿ ತಾಲೂಕಿನಲ್ಲಿ ಕನ್ನಡ ಸಾಲೆಯ ಮಾಸ್ತರರಾಗಿದ್ದವರು. ಬುದ್ಧನನ್ನು ಒಪ್ಪಿಕೊಂಡ ಮನೆತನ. ಅವರ ಓಣಿಯಲ್ಲಿ ಸರಕಾರಿ ಪಗಾರ ತಂದವರಲ್ಲಿ ಅವರೇ ಮೊದಲಿಗರು, ಮೊದಲ ಪಗಾರದ ಕೋಟು ಅದು. ಈಗ ಅವರ ಮಗ ಸಾಗರನಿಗೆ ಅರಭಾವಿಯ ಕಾಲೇಜಿನಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು. ಮೊದಲ ದಿನ ಅವನು ಅಪ್ಪನ ಕೋಟನ್ನೇ ಹಾಕಿಕೊಂಡು ಹೋಗಬೇಕೆಂಬುದು ಮನೆಯವರ ಆಸೆ. ಸಾಗರನ ಎದೆ, ಬೆನ್ನು ಎರಡೂ ಅಪ್ಪನಿಗಿಂತ ಅಗಲ.

"ಅಕ್ಕಾರ, ಹೊಲಿದವರ ಮಗಳ ಕೈಯಾಗ ಕೊಡು ಅಂದಾರ ಅಪ್ಪಾಜಿ," ಎಂದಳು ಆಮ್ರಪಾಲಿ. ಕೋಟು ಹೊಲಿದು ಕೊಡುವಾಗಲೇ ರಾಜಪ್ಪ ಮಾಸ್ತರ, ಒಳಗೆ ಎರಡು ಬೆರಳು ಮಾಯಾ ಬಿಟ್ಟಿದ್ದೇನೆ, ನಾಳೆ ಮಗನಿಗೂ ಆದೀತು ಎಂದಿದ್ದನಂತೆ. ಆ ಮಾತನ್ನು ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದರು.

ಅನ್ನಪೂರ್ಣಾ ಬೈಯಲು ಏನಾದರೂ ಸಿಗುತ್ತದೆಯೇ ಎಂದು ಕೋಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಿಗಲಿಲ್ಲ. ಬ್ರಶ್ಶು ಆಡಿಸಿ ಧೂಳು ತೆಗೆದಿದ್ದರು, ನೆರಳಲ್ಲಿ ಗಾಳಿಗೆ ಹಾಕಿದ್ದರು, ದಪ್ಪ ಕಟ್ಟಿಗೆಯ ಹ್ಯಾಂಗರಿಗೆ ತೂಗುಹಾಕಿದ್ದರಿಂದ ಹೆಗಲು ಕುಸಿದಿರಲಿಲ್ಲ, ಜೇಬಿನಲ್ಲಿ ಬೇವಿನ ಎಲೆಯಿತ್ತು. ಮೂಡಲಗಿಯ ಶ್ರೀಮಂತರಾರೂ ಬಟ್ಟೆಯನ್ನು ಹೀಗೆ ಇಟ್ಟುಕೊಂಡದ್ದನ್ನು ಅವಳು ಕಂಡಿರಲಿಲ್ಲ. ಶನಿವಾರ ಬಂದು ಒಯ್ಯಿರಿ ಎಂದಷ್ಟೇ ಹೇಳಿದಳು. ಆ ಬೂದು ನೇಯ್ಗೆಯನ್ನು ಎಲ್ಲೋ ನೋಡಿದ್ದೇನೆ ಎಂದು ಒಮ್ಮೆ ಅನ್ನಿಸಿತು, ಅದಕ್ಕೆ ಅವಳು ಗಮನ ಕೊಡಲಿಲ್ಲ.

ಮರುದಿನ ಅಸ್ತರು ಸರಿಸಿ ಬಗಲಿನ ಹೊಲಿಗೆ ಬಿಚ್ಚಿದಳು. ಒಳಗೆ ಮಾಯಾ ಇರಲಿಲ್ಲ. ಹೊಲಿಗೆಯ ಆಚೆ ಜೋಳದ ಕಾಳಿನಷ್ಟೇ ಬಟ್ಟೆ ಬಿಟ್ಟು ಉಳಿದದ್ದನ್ನು ಕತ್ತರಿಸಿ ತೆಗೆಯಲಾಗಿತ್ತು. ಅಷ್ಟು ಸಣ್ಣ ಅಂಚು ಎಳೆ ಬಿಟ್ಟುಕೊಳ್ಳಬಾರದೆಂದು ಅದರ ಮೇಲೆ ಕೈಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು. ಅಂಥ ಹೊಲಿಗೆ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಕಳವನ್ನೂ ಅಪ್ಪ ಅಚ್ಚುಕಟ್ಟಾಗಿ ಮಾಡಿದ್ದ.

ಆದರೂ, ಬಟ್ಟೆ ಕಡಿಮೆ ಬಿದ್ದಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವವರನ್ನು ಅವಳು ದಿನಾ ಅಂಗಡಿಯಲ್ಲಿ ಕಾಣುತ್ತಿದ್ದಳು. ಬಟ್ಟೆ ತಾವೇ ಕೆಡಿಸಿ, ನೀರಿನ ಮೇಲೆ, ಸಾಬೂನಿನ ಮೇಲೆ, ಅಗಸನ ಮೇಲೆ ಹಾಕುವವರು. ಗೋಕಾಕದ ಅಡಿವೆಪ್ಪಗೌಡನ ಹಳೆಯ ಕೋಟು ಅಸ್ತರು ಬದಲಿಸಲೆಂದು ಗೂಟಕ್ಕೆ ತೂಗುತ್ತಿತ್ತು. ಅದೂ ಅಪ್ಪನ ಕೈಯದೇ. ಅದರ ಬಗಲನ್ನು ಬಿಚ್ಚಿ ನೋಡಿದಳು. ಎರಡು ಬೆರಳು ಮಾಯಾ, ಎರಡೂ ಮಗ್ಗುಲಿಗೆ, ಬೆನ್ನಿನಲ್ಲೂ.

ಆಗ ಬೂದು ನೇಯ್ಗೆಯನ್ನು ಎಲ್ಲಿ ನೋಡಿದ್ದೆನೆಂಬುದು ನೆನಪಾಯಿತು. ಅಂಗಡಿಗೆ ಬಾಗಿಲು ಹಾಕಿ ಮನೆಗೆ ನಡೆದಳು. ಸೋಮಲಿಂಗ ಕೌದಿಯ ಮೇಲೆ ಅಡ್ಡಾಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದ. ಏಳು ಎಂದಳು. ಅದು ಅವಳ ತಾಯಿ ಅಂಗಡಿಯ ತುಂಡುಗಳನ್ನು ಕೂಡಿಸಿ ಹೊಲಿದು, ಮದುವೆಯಲ್ಲಿ ಮಗಳ ಜೊತೆ ಕಳಿಸಿದ ಕೌದಿ. ಎರಡು ಅಂಚಿಗುಂಟ ಬೂದು ಪಟ್ಟಿ ಓಡಿತ್ತು. ತುಂಡಿಗೆ ತುಂಡು ಕೂಡಿಸಿದ್ದು, ಒಂದೊಂದೂ ಎರಡು ಬೆರಳು ಅಗಲ, ಕೋಟಿನಷ್ಟು ಉದ್ದ. ಬಟ್ಟೆ ಕಡಿಮೆ ಬಿದ್ದಿದ್ದರೆ ಈ ಪಟ್ಟಿ ಇರುತ್ತಿರಲಿಲ್ಲ. ಅಪ್ಪ ಯಾರ ಬಟ್ಟೆ ಕತ್ತರಿಸಬಹುದು, ಯಾರದನ್ನು ಕತ್ತರಿಸಬಾರದು ಎಂದು ತಿಳಿದೇ ಕತ್ತರಿಸಿದ್ದ. ಗೌಡ ಹೊಲಿಗೆ ಬಿಚ್ಚಿಸಿ ಕೇಳಿಯಾನು. ಮೆಟ್ಟಿಲ ಕೆಳಗೆ ನಿಂತವನು ಕೇಳಲು ಮೇಲೆ ಬರಬೇಕಲ್ಲ. ಟೇಪು ಮುಟ್ಟದ ಕಣ್ಣಳತೆ ಎಂಥದೆಂಬುದೂ ಅವಳಿಗೆ ಅದೇ ಗಳಿಗೆಯಲ್ಲಿ ಅರ್ಥವಾಯಿತು. ಟೇಪು ಹಿಡಿದರೆ ಕೈ ಮೈಗೆ ತಾಗುತ್ತದೆ. ಅಷ್ಟೇ ಆ ವಿದ್ಯೆ. ಒಂದು ಜನ್ಮವೆಲ್ಲ ಅವಳು ಅದನ್ನು ಹೊಗಳಿಕೊಂಡು ತಿರುಗಿದ್ದಳು, ಈ ಕೌದಿಯನ್ನು ಹೊದ್ದು ಮಲಗಿದ್ದಳು, ಇಷ್ಟುದ್ದದ ತುಂಡು ಹೊಲಿಗೆಯಲ್ಲಿ ಹೇಗೆ ಉಳಿಯುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಬೇರೆಯವರ ದಡ್ಡತನವನ್ನು ಹುಡುಕುವ ಕಣ್ಣು ಅವಳದು, ಮನೆಯೊಳಗೆ ಅದು ಕೆಲಸ ಮಾಡಿರಲಿಲ್ಲ.

ಸಂಗತಿ ತಿಳಿದ ಸೋಮಲಿಂಗನಿಗೆ ಬೋರ್ಡಿನ ಚಿಂತೆ ಹತ್ತಿತು. ಪಟ್ಟಿ ಬಿಚ್ಚಿ ಕೋಟಿಗೆ ಹಚ್ಚು, ಬಾಯಿ ಮುಚ್ಚಿಕೊಂಡು ಕೊಡು ಎಂದ.

"ಹೆಸರಿನ ಮ್ಯಾಲೆ ಅಂಗಡಿ ನಡದೈತಿ. ಸತ್ತವರನ್ನ ಎಬ್ಬಿಸಿ ಏನ್ ಮಾಡಾಕಿ? ಅವರಿಗೇನು ಗೊತ್ತಾಗ್ತೈತಿ?"

"ನಮ್ಮಪ್ಪನೂ ಇದನ್ನ ಅಂದಿರಬೇಕು," ಎಂದಳು ಅನ್ನಪೂರ್ಣಾ.

ಪಟ್ಟಿಗಳನ್ನಂತೂ ಬಿಚ್ಚಿದಳು. ಮೇಲ್ಮೈ ಒಗೆದು ಒಗೆದು ಮಾಸಿತ್ತು, ಒಳಮೈ ಕೋಟಿನ ಬಣ್ಣಕ್ಕೆ ಹೊಂದುವಂತಿತ್ತು. ತಿರುವಿ, ಆವಿ ಕೊಟ್ಟು, ಒದ್ದೆ ಬಟ್ಟೆಯ ಮೇಲಿಂದ ಇಸ್ತ್ರಿ ಮಾಡಿ, ಬಗಲುಗುಂಟ ಸೇರಿಸಿದಳು. ನೇಯ್ಗೆಯ ಎಲುಬಿಗೆ ಎಲುಬು ಕೂಡುವ ಹಾಗೆ ಹೊಲಿದಳು. ಕೈ ಎತ್ತಿದರೂ ಜೋಡಣೆ ಕಾಣುತ್ತಿರಲಿಲ್ಲ.

ಶನಿವಾರ ಸಿದ್ರಾಮ ಗುರುಗಳೇ ಮಕ್ಕಳಿಬ್ಬರ ಜೊತೆ ಬಂದರು. ಸಣಕಲು ಮೈ, ನೆಟ್ಟಗಿನ ಬೆನ್ನು, ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ. ಸಾಗರ ಕೋಟು ತೊಟ್ಟು ಕೈ ಆಡಿಸಿದ. ಎಲ್ಲೂ ಎಳೆಯಲಿಲ್ಲ. ಮುದುಕರು ಅವನ ಸುತ್ತ ಒಂದು ಸುತ್ತು ಬಂದರು.

"ನೋಡವಾ ಆಮ್ರಪಾಲಿ, ರಾಜಪ್ಪ ಮಾಸ್ತರ ಹೇಳಿದ್ದು ಖರೆ ಆತು," ಎಂದರು. "ಅವತ್ತ ಮಂದಿ ನಮ್ಮನ್ನ ಮೆಟ್ಟಲದ ಕೆಳಗ ನಿಂದರಸ್ತಿದ್ರು. ಆ ಮನಶ್ಯಾನೂ ನಿಂದರಿಸಿದ. ಆದ್ರ ಬಟ್ಟಿ ಒಳಗ ಭೇದ ಮಾಡಲಿಲ್ಲ. ಇದನ್ನ ನಾ ಸಾಲಿಯಾಗ ಹುಡುಗ್ರಿಗೂ ಹೇಳೇನಿ."

ಬಾಗಿಲಲ್ಲಿ ನಿಂತಿದ್ದ ಸೋಮಲಿಂಗ ಹೆಂಡತಿಗೆ ಕಣ್ಣು ಮಾಡಿದ. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಮುದುಕರು ಹೆಮ್ಮೆ ಪಟ್ಟುಕೊಂಡು ಹೋಗುತ್ತಿದ್ದರು, ಬೋರ್ಡು ಇದ್ದಲ್ಲಿ ಇರುತ್ತಿತ್ತು. ಅನ್ನಪೂರ್ಣಾಳಿಗೆ ಅವರ ಮೇಲೆ ಕರುಣೆ ಬಂತೆಂದು ಹೇಳಲಾರೆ. ಕೊಳೆಯ ಮೇಲೆ ಇಸ್ತ್ರಿ ಎಳೆದು ತಂದ ಬಟ್ಟೆಯನ್ನು ಕಂಡಾಗ ಅವಳಿಗೆ ಏನಾಗುತ್ತಿತ್ತೋ, ಆ ಹೊಗಳಿಕೆ ಕೇಳಿ ಅದೇ ಆಯಿತು.

"ಭೇದ ಮಾಡ್ಯಾನ್ರೀ ಗುರುಗಳ," ಎಂದಳು.

ಗೌಡನ ಕೋಟನ್ನು ಗೂಟದಿಂದ ಇಳಿಸಿ, ಒಳಮಗ್ಗುಲು ಮೇಲೆ ಮಾಡಿ ಹಾಸಿದಳು. ಸಾಗರ ತೊಟ್ಟ ಕೋಟನ್ನೂ ಕಳಚಿಸಿಕೊಂಡು, ಅಸ್ತರಿನ ಅಂಚು ಬಿಚ್ಚಿ, ಪಕ್ಕದಲ್ಲಿ ಹಾಸಿದಳು. "ಇದು ಅಡಿವೆಪ್ಪಗೌಡರದು, ಮಾಯಾ ಐತಿ. ಇದು ನಿಮ್ಮದು. ನಿಮ್ಮ ಮಾಯಾ ನಮ್ಮ ಮನಿ ಕೌದಿಯಾಗ ಇತ್ತು. ಮೊನ್ನಿ ಬಿಚ್ಚಿ ತಂದು ಹಚ್ಚೇನಿ."

ಸಿದ್ರಾಮರು ಚಷ್ಮಾ ಏರಿಸಿಕೊಂಡು ಬಗ್ಗಿ ನೋಡಿದರು. ಪರೀಕ್ಷೆಯ ಉತ್ತರ ನೋಡುವವರ ಹಾಗೆ, ಅವಸರವಿಲ್ಲದೆ. ಸಾಗರ, ತನಗೆ ಈ ಕೋಟು ಬೇಡ ಎಂದ.

"ಹಾಕ್ಕೋ," ಎಂದರು ಸಿದ್ರಾಮರು. "ಬಟ್ಟಿ ನಮ್ದು. ಪಟ್ಟಿನೂ ನಮ್ದು." ಆಮೇಲೆ ಅನ್ನಪೂರ್ಣಾಳ ಕಡೆ ತಿರುಗಿ, "ತಂಗಿ, ಆ ಕೌದಿಯಾಗ ಮತ್ತ ಯಾರ್ಯಾರದು ಐತಿ?" ಎಂದು ಕೇಳಿದರು.

ಅವಳಿಗೆ ಗೊತ್ತಿರಲಿಲ್ಲ. ಕೌದಿ ತರಲು ಸೋಮಲಿಂಗನನ್ನು ಅಟ್ಟಿದಳು. ಹಾಡುಹಗಲು, ಸಂತೆಯ ನಡುವೆ, ಅಂಚು ಕಿತ್ತ ಕೌದಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಅವನು ಬಂದ. ಅವನ ಹೆಗಲಿಗೆ ಭಾರವೆಂಬುದು ಬಿದ್ದದ್ದನ್ನು ಪೇಟೆ ಅವತ್ತೇ ಕಂಡಿತು.

ಗುರುಗಳು ಕೌದಿ ಬಿಡಿಸಿ ತುಂಡು ತುಂಡಾಗಿ ನೋಡುತ್ತ ಬಂದರು. ಒಂದು ಕಂದು ತುಂಡಿನ ಮೇಲೆ ಬೆರಳಿಟ್ಟರು, ಅದು ಅವರ ಅಣ್ಣನ ಮದುವೆಯ ಅಂಗಿಯದು. ನಡುವೆ ಸಾಲಾಗಿ ಕೂಡಿಸಿದ್ದ ನೀಲಿ ಪಟ್ಟಿಗಳಲ್ಲಿ ಬೆರಳು ನಿಂತಿತು. ಓಣಿಯ ಮಕ್ಕಳು ಸಾಲೆಗೆ ಹರಕು ಚಡ್ಡಿಯಲ್ಲಿ ಬರಬಾರದೆಂದು ತಾವೇ ಒಂದು ಥಾನು ಬಟ್ಟೆ ತಂದು ರಾಜಪ್ಪನಿಗೆ ಹೊಲಿಯಲು ಕೊಟ್ಟಿದ್ದರು. ಮಕ್ಕಳು ಬೆಳೆದಂತೆ ಬಿಡಿಸಿಕೊಳ್ಳಲಿ, ಮಾಯಾ ಹೆಚ್ಚು ಬಿಡು ಎಂದು ಹೇಳಿದ್ದರು. ಚಡ್ಡಿಗಳು ವರ್ಷ ತುಂಬುವುದರೊಳಗೆ ಬಿಗಿಯಾಗಿ, ಹರಿದಿದ್ದವು. ಅವರು ಮಕ್ಕಳಿಗೇ ಬೈದಿದ್ದರು, ಬಟ್ಟೆ ನೀಟಾಗಿ ಇಟ್ಟುಕೊಳ್ಳಲು ಬರುವುದಿಲ್ಲ ಎಂದು.

ಕೌದಿಯನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡರು. "ಇದು ನಮ್ಮ ಓಣಿಗೆ ಬರ್ತೈತಿ."

"ಒಯ್ರಿ," ಎಂದಳು ಅನ್ನಪೂರ್ಣಾ. ಅವರು ಕ್ಷಮೆ ಕೇಳು ಎನ್ನಲಿಲ್ಲ, ಅವಳೂ ಕೇಳಲಿಲ್ಲ. ಕೇಳಬೇಕಾದವನು ಹುಕ್ಕೇರಿಯ ಮಣ್ಣಿನಲ್ಲಿದ್ದ. ಅವರು ಹೋದ ಮೇಲೆ ಏಣಿ ತರಿಸಿ ಬೋರ್ಡು ಇಳಿಸಿದಳು. ಈಗ ಅಂಗಡಿಗೆ ಹೆಸರಿಲ್ಲ.

ಹೆಸರು ಹೋದರೆ ಗಿರಾಕಿಗಳು ಹೋಗುತ್ತಾರೆಂದು ಸೋಮಲಿಂಗ ಅತ್ತುಕೊಂಡದ್ದೇ ಬಂತು. ಒಬ್ಬರೂ ಹೋಗಲಿಲ್ಲ. ಸುದ್ದಿ ಮೂಡಲಗಿಯಿಂದ ಗೋಕಾಕದವರೆಗೆ ಮುಟ್ಟಿತು, ಜನ ಕೇಳಿದರು, ಹೌದೇನ್ರಿ ಅಂದರು, ಪ್ಲಾಸ್ಟಿಕ್ ಚೀಲದಿಂದ ಸೀರೆ ತೆಗೆದು ಮುಂದೆ ಇಟ್ಟರು. ಕದ್ದದ್ದು ತಮ್ಮದಲ್ಲವಾದ ಮೇಲೆ ಅವರಿಗೆ ಅದೊಂದು ಕತೆ.

ಅಡಿವೆಪ್ಪಗೌಡ ತನ್ನ ಕೋಟು ಒಯ್ಯಲು ಕಾರಿನಲ್ಲಿ ಬಂದ. ಅವನಿಗೆ ಎಲ್ಲ ತಿಳಿದಿತ್ತು. ಮುಖ ಅರಳಿತ್ತು.

"ನಮ್ದರಾಗ ಮಾಯಾ ಬರೋಬರಿ ಇತ್ತಂತಲ್ಲ?" ಎಂದು ಕೇಳಿದ. "ರಾಜಪ್ಪಗ ಮಂದಿ ಗುರ್ತು ಇತ್ತು ಬಿಡ."

ಅನ್ನಪೂರ್ಣಾ ಅವನನ್ನು ನೋಡಿದಳು. ಕೋಟಿಗೆ ಹೊಸ ಅಸ್ತರು ಕೂತಿತ್ತು, ಬಗಲಿನ ಹೊಲಿಗೆಯನ್ನು ಮೊದಲಿನಂತೆ ಮುಚ್ಚಿದ್ದಳು. ಮಡಚಿ, ಕಾಗದ ಸುತ್ತಿ, ಅವನ ಕೈಗೆ ಕೊಟ್ಟು, ಹೊಲಿಗೆ ಯಂತ್ರದ ಕಡೆ ತಿರುಗಿದಳು. ಆ ಅಂಗಡಿಯಿಂದ ಒಂದು ಬೈಗುಳವನ್ನೂ ಪಡೆಯದೆ ಬಟ್ಟೆ ಒಯ್ದ ದೊಡ್ಡ ಮನುಷ್ಯ ಅವನೊಬ್ಬನೇ. ತನಗೆ ಮರ್ಯಾದೆ ಸಿಕ್ಕಿತೆಂದುಕೊಂಡು ಅವನು ಗೋಕಾಕಕ್ಕೆ ಹೊರಟುಹೋದ.